ಪಾರ್ಟಿಯಲ್ಲಿ ಒಬ್ಬರು ಹೊಸಬರಿದ್ದಾರೆ

(ಆನ್‌ಲೈನ್ ಗೇಮ್‌ಗಳ ಗುಂಪಿನಾಟದಲ್ಲಿ ಹೊಸಬರೊಡನೆ ಹೇಗಿರಬೇಕು ಎಂಬ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಫೈನಲ್ ಫ್ಯಾಂಟಸಿ 14 ಆಡುವವರಿಗೆಲ್ಲ ಗೊತ್ತಿರುವ ಒಂದು ಸೂಚನೆಯಿಂದ ಶುರು ಮಾಡೋಣ. ಡಂಜನ್ ಎಂದರೆ ಪಾರ್ಟಿ, ಅಂದರೆ ಆಟಗಾರರ ಸಣ್ಣ ಗುಂಪು, ಒಟ್ಟಿಗೆ ಹೊಕ್ಕು ರಾಕ್ಷಸರನ್ನು ಹೊಡೆಯುತ್ತ ದಾಟಬೇಕಾದ ಜಾಗ. ಅದರೊಳಗೆ ಕಾಲಿಟ್ಟ ಕೂಡಲೇ ಚಾಟ್‌ನಲ್ಲಿ ಒಂದು ಸಾಲು ಮೂಡುತ್ತದೆ: ಇದನ್ನು ಇನ್ನೂ ಮುಗಿಸದವರು ಪಾರ್ಟಿಯಲ್ಲಿದ್ದಾರೆ, ಮುಗಿಸಿದರೆ ಹೆಚ್ಚುವರಿ ಬಹುಮಾನ ಸಿಗುತ್ತದೆ. ಹೊಸಬರು ಯಾರು ಅಂತ ಅದು ಹೇಳುವುದಿಲ್ಲ. ನಾಲ್ವರಲ್ಲಿ ಮೂವರು ಆ ಸಾಲನ್ನು ನೂರಾರು ಸಲ ಕಂಡವರು, ಓದುವ ಗೋಜಿಗೇ ಹೋಗದೆ ಓಡಲು ಶುರು ಮಾಡುತ್ತಾರೆ. ನಾಲ್ಕನೆಯವರ ಪರದೆಯಲ್ಲಿ ಇನ್ನೂ ಲೋಡಿಂಗ್ ಚಕ್ರ ತಿರುಗುತ್ತಿರುತ್ತದೆ. ಅವರು ಕಣ್ಣು ಬಿಡುವ ಹೊತ್ತಿಗೆ ಉಳಿದವರ ಬೆನ್ನೂ ಕಾಣುವುದಿಲ್ಲ.

ಕಂಪನಿಯವರು ಈ ಬಹುಮಾನ ಇಟ್ಟಿದ್ದೇಕೆ? ಆ ಆಟದ ಕಥೆಯಲ್ಲಿ ಮುಂದೆ ಹೋಗಬೇಕಾದರೆ ಕೆಲವು ಡಂಜನ್‌ಗಳನ್ನು ದಾಟಲೇಬೇಕು. ಒಂದು ಟ್ಯಾಂಕ್ (ಪೆಟ್ಟನ್ನೆಲ್ಲ ತಾನೇ ತಿನ್ನುವವರು), ಒಂದು ಹೀಲರ್ (ಎಲ್ಲರ ಪ್ರಾಣ ತುಂಬುವವರು), ಇಬ್ಬರು ಡಿಪಿಎಸ್ (ಹೊಡೆಯುವುದೇ ಮುಖ್ಯ ಕೆಲಸವಾದವರು) ಸೇರಿದರೆ ಪಾರ್ಟಿ. ಹೊಸಬರು ಹೊಸಬರಿಗಾಗಿಯೇ ಕಾಯುತ್ತ ಕೂತರೆ ಕ್ಯೂ ಮುಂದೆ ಸಾಗುವುದಿಲ್ಲ. ಅದಕ್ಕೆ ರೂಲೆಟ್ ಅಂತ ಮಾಡಿ, ಎಂದೋ ತುದಿ ಲೆವೆಲ್ ಮುಟ್ಟಿದವರನ್ನು ಲೆವೆಲ್ ಇಳಿಸಿ ಹಳೆಯ ಡಂಜನ್‌ಗಳಿಗೆ ಕಳಿಸುತ್ತಾರೆ. ಅವರಿಗೆ ಆ ದಿನದ ಬಹುಮಾನ, ಹೊಸಬರಿಗೆ ಬೇಗ ಸಿಗುವ ಪಾರ್ಟಿ. ಅಂದರೆ ಹಳಬರು ಅಲ್ಲಿಗೆ ಧರ್ಮಕ್ಕೆ ಬಂದವರಲ್ಲ, ಕೂಲಿಗೆ ಬಂದವರು. ಹೊಸಬರಿಂದಾಗಿ ತಡವಾಗುವ ಐದು ನಿಮಿಷಕ್ಕೆ ಆ ಕೂಲಿಯಲ್ಲೇ ಲೆಕ್ಕ ಸೇರಿದೆ. ಇಷ್ಟು ನೆನಪಿದ್ದರೆ ಸಿಡಿಮಿಡಿ ಅರ್ಧ ಇಳಿಯುತ್ತದೆ.

ಮೊದಲು ಹೀಗಿರಲಿಲ್ಲ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2004ರಲ್ಲಿ ಬಂದಾಗ ಐದು ಜನರನ್ನು ಕೂಡಿಸಲು ಚಾಟ್‌ನಲ್ಲಿ ಕೂಗಬೇಕಿತ್ತು, ಡಂಜನ್ನಿನ ಬಾಗಿಲ ತನಕ ನಡೆದುಕೊಂಡೇ ಹೋಗಬೇಕಿತ್ತು. ಆ ನಡಿಗೆಯಲ್ಲಿ ಯಾರು ಹೊಸಬರು, ಯಾರಿಗೆ ದಾರಿ ಗೊತ್ತು ಎಂದು ತಾನಾಗಿ ತಿಳಿಯುತ್ತಿತ್ತು. ಎಲ್ಲರೂ ಒಂದೇ ಸರ್ವರ್‌ನವರು. ಇವತ್ತು ಬೈದರೆ ನಾಳೆ ಮುಖ ನೋಡಬೇಕು. 2009ರ ಡಿಸೆಂಬರ್‌ನಲ್ಲಿ ಡಂಜನ್ ಫೈಂಡರ್ ಬಂದ ಮೇಲೆ ಬೇರೆ ಬೇರೆ ಸರ್ವರ್‌ಗಳ ಐವರನ್ನು ಯಂತ್ರವೇ ಜೋಡಿಸಿ ನೇರ ಒಳಗೆ ಇಳಿಸತೊಡಗಿತು. ಅನುಕೂಲ ದೊಡ್ಡದು, ನಾನೇನೂ ಹಳೆಯ ಕಾಲವೇ ಚೆನ್ನಾಗಿತ್ತು ಅಂತ ಹೇಳುವವನಲ್ಲ. ಆದರೆ ಆ ನಡಿಗೆ ಮಾಡಿಕೊಡುತ್ತಿದ್ದ ಕೆಲಸವನ್ನು ಈಗ ಬಾಯಿಬಿಟ್ಟು ಮಾಡಬೇಕಾಗಿದೆ.

ಹಾಗಾದರೆ ಏನು ಕೇಳಬೇಕು? ‘ಹೊಸಬರಾ?’ ಎಂದು ಕೇಳಿದರೆ ಸಾಲದು, ಏಕೆಂದರೆ ಹೊಸಬರಲ್ಲಿ ಮೂರು ತರಹ. ಈ ಒಂದು ಬಾಸ್ (ಡಂಜನ್ನಿನ ದೊಡ್ಡ ರಾಕ್ಷಸ) ಮಾತ್ರ ಹೊಸದು, ಆಟ ಚೆನ್ನಾಗಿ ಗೊತ್ತು: ಅಂಥವರಿಗೆ ಒಂದು ಸಾಲು ಸಾಕು. ಆಟ ಹಳೆಯದು, ಪಾತ್ರ ಹೊಸದು: ನಿನ್ನೆವರೆಗೆ ಡಿಪಿಎಸ್ ಆಡಿ ಇವತ್ತು ಮೊದಲ ಸಲ ಟ್ಯಾಂಕ್ ಹಿಡಿದವರು. ಇವರಿಗೆ ದಾರಿ ಗೊತ್ತಿದೆ, ವೇಗ ತಾವೇ ತೀರ್ಮಾನಿಸುವ ಅಭ್ಯಾಸ ಇಲ್ಲ. ಮೂರನೆಯವರಿಗೆ ಆಟವೇ ಹೊಸದು. ಯಾವ ಬಟನ್ ಎಲ್ಲಿದೆ ಅಂತಲೇ ಹುಡುಕುತ್ತಿರುತ್ತಾರೆ. ಫೈನಲ್ ಫ್ಯಾಂಟಸಿಯಲ್ಲಿ ಹೆಸರಿನ ಪಕ್ಕ ಹಸಿರು ಮೊಳಕೆ ಕಾಣುವುದು ಸಾಮಾನ್ಯವಾಗಿ ಈ ಮೂರನೆಯವರಿಗೆ. ಮೊಳಕೆಯನ್ನೇ ನಂಬಿ ಕೂರುವಂತಿಲ್ಲ. ಬೇರೆ ಕಡೆ ಹತ್ತು ವರ್ಷ ಆಡಿ ಬಂದವರಿಗೂ ಇಲ್ಲಿ ಮೊಳಕೆಯೇ, ಮೊಳಕೆ ಉದುರಿದವರು ಈ ಬಾಸನ್ನು ಕಂಡಿರಲೇಬೇಕೆಂದೂ ಇಲ್ಲ.

ಕೇಳುವ ರೀತಿಯಲ್ಲಿ ಒಂದು ಸೂಕ್ಷ್ಮ ಇದೆ. ‘ಯಾರು ಹೊಸಬರು?’ ಎಂದರೆ ತಪ್ಪಿತಸ್ಥರು ಕೈ ಎತ್ತಿ ಅಂದ ಹಾಗೆ, ಉತ್ತರ ಬರುವುದಿಲ್ಲ. ‘ಬಾಸ್ ಬಗ್ಗೆ ಮುಂಚೆ ಹೇಳಲಾ, ನೀವೇ ನೋಡುತ್ತೀರಾ?’ ಎಂದು ಕೇಳಿದರೆ ಹೊಸಬರು ತಾವು ಹೊಸಬರೆಂದು ಒಪ್ಪಿಕೊಳ್ಳದೆಯೇ ಉತ್ತರ ಕೊಡಬಹುದು. ಕೆಲವರಿಗೆ ಏನೂ ಗೊತ್ತಿಲ್ಲದೆ ಆಡುವುದೇ ಇಷ್ಟ, ಅವರ ಸುಖ ಕೆಡಿಸಬಾರದು. ಉತ್ತರವೇ ಬಾರದಿದ್ದರೆ? ಸೊಕ್ಕು ಅಂದುಕೊಳ್ಳಬೇಡಿ. ಚಾಟ್ ಕಿಟಕಿ ಎಲ್ಲಿದೆ ಅಂತಲೇ ಗೊತ್ತಿಲ್ಲದಿರಬಹುದು, ಕೈಯಲ್ಲಿ ಕೀಬೋರ್ಡ್ ಬದಲು ಕಂಟ್ರೋಲರ್ ಇರಬಹುದು, ಭಾಷೆ ಬೇರೆ ಇರಬಹುದು. ಉತ್ತರ ಇಲ್ಲದಿದ್ದರೆ ಹೊಸಬರಿದ್ದಾರೆ ಎಂದೇ ತಿಳಿದು ನಡೆಯುವುದು ಒಳ್ಳೆಯದು.

ಇನ್ನು ಪುಲ್, ಅಂದರೆ ರಾಕ್ಷಸರ ಗುಂಪನ್ನು ಟ್ಯಾಂಕ್ ತನ್ನತ್ತ ಎಳೆದುಕೊಳ್ಳುವ ವಿಷಯ. ಜಗಳಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟುತ್ತವೆ, ಹಾಗಾಗಿ ನಿಧಾನವಾಗಿ ಲೆಕ್ಕ ಮಾಡಿ ನೋಡೋಣ.

ಒಂದು ಹಾದಿಯಲ್ಲಿ ಮೂರು ಗುಂಪು, ಗುಂಪಿಗೆ ಮೂರು ಮಾಬ್ (ಸಾಮಾನ್ಯ ರಾಕ್ಷಸರು) ಅಂತ ಇಟ್ಟುಕೊಳ್ಳಿ. ಎಲ್ಲರೂ ಒಂದೇ ಮಾಬಿನ ಮೇಲೆ ಬಿದ್ದರೆ ಅದು ಸಾಯಲು 8 ಸೆಕೆಂಡು ಬೇಕು ಎನ್ನೋಣ. ಇದು ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿ. ಒಂದು ಗುಂಪನ್ನು ಮಾತ್ರ ಎಳೆದು ಒಂದೊಂದಾಗಿ ಕೊಂದರೆ ಮೊದಲನೆಯದು 8 ಸೆಕೆಂಡು, ಎರಡನೆಯದು 16, ಮೂರನೆಯದು 24 ಸೆಕೆಂಡು ಟ್ಯಾಂಕಿಗೆ ಬಡಿಯುತ್ತದೆ. ಒಟ್ಟು 48. ಮೂರು ಗುಂಪನ್ನೂ ಹೀಗೆ ಬೇರೆ ಬೇರೆಯಾಗಿ ಮುಗಿಸಿದರೆ 144. ಅದೇ ಒಂಬತ್ತನ್ನೂ ಒಟ್ಟಿಗೆ ಎಳೆದು ಒಂದೊಂದಾಗಿ ಕೊಂದರೆ? 8ರಿಂದ ಶುರುವಾಗಿ 72ರವರೆಗೆ ಕೂಡಿ: 360. ಸಮಯ ಎರಡೂ ಕಡೆ 72 ಸೆಕೆಂಡೇ, ಒಂದು ಕ್ಷಣವೂ ಉಳಿಯಲಿಲ್ಲ. ಟ್ಯಾಂಕ್ ತಿಂದ ಪೆಟ್ಟು ಮಾತ್ರ ಎರಡೂವರೆ ಪಟ್ಟು.

ಹಾಗಾದರೆ ಹಳಬರು ಎಲ್ಲ ಗುಂಪನ್ನೂ ಗೋಡೆಯಿಂದ ಗೋಡೆಗೆ ಎಳೆದೊಯ್ಯುವುದು ಯಾವ ಧೈರ್ಯದ ಮೇಲೆ? ಒಟ್ಟಿಗೆ ಎಲ್ಲಕ್ಕೂ ಬೀಳುವ ಏರಿಯಾ ಅಟ್ಯಾಕ್ ಧೈರ್ಯದ ಮೇಲೆ. ಅದು ಒಂದೊಂದಕ್ಕೂ ಅರ್ಧ ಬಲದಲ್ಲಿ ಬಿದ್ದರೂ 16 ಸೆಕೆಂಡಿನಲ್ಲಿ ಒಂಬತ್ತೂ ಮಲಗುತ್ತವೆ. ಒಂಬತ್ತು ಗುಣಿಸು ಹದಿನಾರು, ಮತ್ತೆ ಅದೇ 144. ಪೆಟ್ಟು ಅಷ್ಟೇ, ಸಮಯ ಕಾಲು ಭಾಗಕ್ಕಿಂತ ಕಡಿಮೆ. ಇಲ್ಲಿ ಇನ್ನೊಂದು ಸಂಗತಿ ಸೇರಿಸಿ. ಫೈನಲ್ ಫ್ಯಾಂಟಸಿಯ ಟ್ಯಾಂಕ್‌ಗಳಿಗೆಲ್ಲ ರ‍್ಯಾಂಪಾರ್ಟ್ ಎಂಬ ರಕ್ಷಣೆ ಇದೆ: 20 ಸೆಕೆಂಡು ಕಾಲ ಪೆಟ್ಟನ್ನು ಶೇ. 20 ಇಳಿಸುತ್ತದೆ, ಮತ್ತೆ ಸಿಗುವುದು ಒತ್ತಿದ 90 ಸೆಕೆಂಡಿನ ನಂತರ. 16 ಸೆಕೆಂಡಿನ ಹೋರಾಟ ಪೂರ್ತಿ ಅದರ ನೆರಳಿನಲ್ಲೇ ಮುಗಿಯುತ್ತದೆ. 72 ಸೆಕೆಂಡಿನ ಹೋರಾಟದಲ್ಲಿ 52 ಸೆಕೆಂಡು ಬಿಸಿಲಿಗೆ.

ಈಗ ಡಿಪಿಎಸ್ ಇಬ್ಬರಲ್ಲಿ ಒಬ್ಬರಿಗೆ ಏರಿಯಾ ಅಟ್ಯಾಕ್ ಬಳಸಬೇಕೆಂದು ಗೊತ್ತಿಲ್ಲ. ಟ್ಯಾಂಕ್ ಹೊಸಬರಾದರೆ ರ‍್ಯಾಂಪಾರ್ಟನ್ನು ಬಾಸಿಗೆಂದು ಕೂಡಿಟ್ಟುಕೊಂಡಿದ್ದಾರೆ. ಹೀಲರ್ ಹೊಸಬರಾದರೆ ಪ್ರಾಣ ಅರ್ಧಕ್ಕಿಳಿದ ಮೇಲೆ ಗಾಬರಿಯಾಗಿ ದೊಡ್ಡ ಹೀಲ್ ಮೇಲೆ ದೊಡ್ಡ ಹೀಲ್ ಹಾಕಿ ಮ್ಯಾನಾ (ಹೀಲ್ ಹಾಕಲು ಬೇಕಾದ ಶಕ್ತಿ) ಬರಿದು ಮಾಡುತ್ತಾರೆ. ಯಾರೂ ದಡ್ಡರಲ್ಲ, ದೊಡ್ಡ ಪುಲ್ ನಾಲ್ವರೂ ಒಂದೇ ಲೆಕ್ಕದಲ್ಲಿ ಆಡಿದರೆ ಮಾತ್ರ ನಡೆಯುವ ಏರ್ಪಾಡು, ಆ ಲೆಕ್ಕವನ್ನು ಒಬ್ಬರಿಗೆ ಯಾರೂ ಹೇಳಿಲ್ಲ ಅಷ್ಟೆ. ಲೆವೆಲ್ ಇಳಿಸಿಕೊಂಡು ಬಂದ ಹಳಬರಿಗೂ ಇದು ಅನ್ವಯ. ತುದಿ ಲೆವೆಲಿನ ಸ್ಕಿಲ್‌ಗಳಲ್ಲಿ ಎಷ್ಟೋ ಕೆಳಗೆ ಇರುವುದಿಲ್ಲ, ಕೈ ಮಾತ್ರ ಹಳೇ ರೂಢಿಯಲ್ಲೇ ಹುಡುಕುತ್ತದೆ.

ಆದ್ದರಿಂದ ಮೊದಲ ಪುಲ್ ಒಂದೇ ಗುಂಪು. ಅದು ಪರೀಕ್ಷೆ. ಟ್ಯಾಂಕಿನ ಪ್ರಾಣ ಎಲ್ಲಿಯವರೆಗೆ ಇಳಿಯಿತು, ಹೀಲರ್ ಮ್ಯಾನಾ ಎಷ್ಟು ಉಳಿಯಿತು, ಏರಿಯಾ ಅಟ್ಯಾಕ್ ಬಿತ್ತೋ ಇಲ್ಲವೋ, ಮೂರನ್ನೂ ನೋಡಿ. ಸಲೀಸಾಗಿ ಮುಗಿದರೆ ಎರಡು ಗುಂಪಿಗೆ ಏರಿಸಿ. ಏರಿಸುವ ಮೊದಲು ಒಂದು ಮಾತು: ‘ಮುಂದಿನದು ಎರಡು ಗುಂಪು, ಆಗಬಹುದಾ?’ ಹೊಸ ಹೀಲರ್‌ಗೆ ಈ ಒಂದು ಪ್ರಶ್ನೆ ಕೊಡುವ ನೆಮ್ಮದಿ ದೊಡ್ಡದು.

ಒಂದು ಕೆಲಸ ಮಾತ್ರ ಯಾವ ಕಾರಣಕ್ಕೂ ಬೇಡ: ಟ್ಯಾಂಕ್ ನಿಧಾನ ಎಂದು ಡಿಪಿಎಸ್ ಓಡಿಹೋಗಿ ಮುಂದಿನ ಗುಂಪನ್ನು ಎಬ್ಬಿಸಿಕೊಂಡು ಬರುವುದು. ಮಾಬ್ ಓಡಿಸಿಕೊಂಡು ಬಂದವರ ಮೇಲೆ ಬೀಳುತ್ತವೆ, ಹೀಲರ್ ಎರಡು ಕಡೆ ನೋಡಬೇಕಾಗುತ್ತದೆ, ಟ್ಯಾಂಕ್ ಚದುರಿದ್ದನ್ನು ಒಟ್ಟು ಮಾಡಲು ಪರದಾಡುತ್ತಾರೆ. ‘ಎಳೆದವರೇ ಹೊರಲಿ’ ಎಂದು ಅವರನ್ನು ಸಾಯಲು ಬಿಡುವ ವಾಡಿಕೆ ಹಳಬರಲ್ಲಿದೆ. ಹೊಸ ಟ್ಯಾಂಕಿಗೆ ಅಷ್ಟು ಗಟ್ಟಿ ಎದೆ ಇರುವುದಿಲ್ಲ, ತಪ್ಪು ತಮ್ಮದೇ ಎಂದುಕೊಳ್ಳುತ್ತಾರೆ, ಮುಂದೆ ಟ್ಯಾಂಕ್ ಮುಟ್ಟುವುದಿಲ್ಲ. ಆಮೇಲೆ ‘ಟ್ಯಾಂಕ್ ಸಿಗುವುದಿಲ್ಲ, ಕ್ಯೂ ಇಪ್ಪತ್ತು ನಿಮಿಷ’ ಎಂದು ಗೋಳಾಡುವವರೂ ಇದೇ ಡಿಪಿಎಸ್‌ಗಳೇ.

ಬಾಸಿನ ಬಾಗಿಲಿಗೆ ಬಂದೆವು. ಇಲ್ಲಿ ಹಳಬರು ಮಾಡುವ ಎರಡು ತಪ್ಪು ಒಂದಕ್ಕೊಂದು ತದ್ವಿರುದ್ಧ: ಒಂದೋ ಏನೂ ಹೇಳುವುದಿಲ್ಲ, ಇಲ್ಲವೇ ಇಪ್ಪತ್ತು ಸಾಲಿನ ಪುರಾಣ ಬಿಚ್ಚುತ್ತಾರೆ. ಕಾಣದ ಬಾಸಿನ ಬಗ್ಗೆ ಇಪ್ಪತ್ತು ಸಾಲು ಓದಿದವರಿಗೆ ಹೋರಾಟದ ನಡುವೆ ಒಂದೂ ನೆನಪಿಗೆ ಬರುವುದಿಲ್ಲ. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ ಒಂದು ಜರಡಿ ಇದೆ. ಬಾಸಿನ ಪ್ರತಿ ಪೆಟ್ಟಿನ ಮುಂದೆ ಕೇಳಿಕೊಳ್ಳಿ, ಇದರಲ್ಲಿ ತಪ್ಪಿದರೆ ಯಾರು ಸಾಯುತ್ತಾರೆ? ಇಡೀ ಪಾರ್ಟಿ ಸಾಯುತ್ತದೆ ಎಂದಾದರೆ ಮುಂಚೆಯೇ ಹೇಳಿ. ತಪ್ಪಿದವರು ಮಾತ್ರ ಸಾಯುತ್ತಾರೆ ಎಂದಾದರೆ ಬಿಡಿ. ಒಮ್ಮೆ ಸತ್ತು ಕಲಿತದ್ದು ಮರೆಯುವುದಿಲ್ಲ, ಹೀಲರ್ ಎಬ್ಬಿಸುತ್ತಾರೆ. ಬರೀ ಸ್ವಲ್ಪ ಪ್ರಾಣ ಹೋಗುತ್ತದೆ ಎಂದಾದರೆ ಬಾಯೇ ಬಿಡಬೇಡಿ. ಸಾಮಾನ್ಯ ಡಂಜನ್ ಬಾಸ್‌ಗಳನ್ನು ಈ ಜರಡಿಗೆ ಹಾಕಿದರೆ ಒಂದು ಸಾಲು, ಹೆಚ್ಚೆಂದರೆ ಎರಡು ಉಳಿಯುತ್ತವೆ. ಎಂಟು ಜನ ಸೇರಿ ಒಂದೇ ದೊಡ್ಡ ಬಾಸನ್ನು ಎದುರಿಸುವ ಟ್ರಯಲ್‌ನಲ್ಲಿ ಮೂರು ನಾಲ್ಕು.

ಆ ಸಾಲಿನಲ್ಲಿ ಮೊದಲು ಕಣ್ಣಿಗೆ ಕಾಣುವುದು, ಆಮೇಲೆ ಕಾಲಿಗೆ ಕೆಲಸ. ‘ಎರಡನೇ ಫೇಸ್‌ನಲ್ಲಿ ಸ್ಟ್ಯಾಕ್, ಆಮೇಲೆ ಸ್ಪ್ರೆಡ್, ಆ್ಯಡ್ಸ್ ಬಂದಾಗ ಸ್ವಾಪ್’ ಎಂದರೆ ಹಳಬರಿಗೆ ಪೂರ್ತಿ ಅರ್ಥವಾಗುತ್ತದೆ, ಅವರಿಗೆ ಅದು ಬೇಕಾಗಿಲ್ಲ. ‘ಒಬ್ಬರ ತಲೆ ಮೇಲೆ ಬಾಣಗಳು ಒಳಮುಖವಾಗಿ ಕಂಡರೆ ಎಲ್ಲರೂ ಅವರ ಹತ್ತಿರ ಓಡಿ. ಚಿಕ್ಕ ರಾಕ್ಷಸರು ಎದ್ದರೆ ಬಾಸ್ ಬಿಟ್ಟು ಮೊದಲು ಅವರನ್ನು ಹೊಡೆಯಿರಿ.’ ಇದು ಹೊಸಬರಿಗೆ ದಕ್ಕುತ್ತದೆ. ದಾಳಿಗಳ ಹೆಸರು ಹೇಳುವುದೂ ವ್ಯರ್ಥ. ಹೆಸರು ಮೂಡುವುದು ಬಾಸಿನ ಕಾಸ್ಟ್ ಬಾರ್ (ದಾಳಿ ಸಿದ್ಧವಾಗುವುದನ್ನು ತೋರಿಸುವ ಪಟ್ಟಿ) ಮೇಲೆ, ಹೊಸಬರ ಕಣ್ಣು ಇರುವುದು ನೆಲದ ಮೇಲೆ ಮತ್ತು ತಮ್ಮ ಸ್ಕಿಲ್ ಬಾರ್ ಮೇಲೆ.

ಹೋರಾಟ ನಡೆಯುವಾಗ ಪ್ರಶ್ನೆ ಕೇಳಬೇಡಿ. ನಡೆಯಲು ಬಳಸುವ ಕೀಲಿಗಳಲ್ಲೇ ಟೈಪ್ ಮಾಡಬೇಕು. ‘ಹೂಂ’ ಎಂದು ಬರೆಯಲು ನಿಂತವರು ಬೆಂಕಿಯಲ್ಲೇ ನಿಂತಿರುತ್ತಾರೆ. ಹೀಲರ್ ಟೈಪ್ ಮಾಡುತ್ತಿದ್ದಾರೆಂದರೆ ಆ ಮೂರು ಸೆಕೆಂಡು ಯಾರಿಗೂ ಹೀಲ್ ಇಲ್ಲ. ಆಗ ಗುರುತುಗಳೇ ಮಾತು. ಮೊದಲು ಹೊಡೆಯಬೇಕಾದ ಮಾಬಿನ ತಲೆ ಮೇಲೆ 1 ಅಂತ ಗುರುತು ಹಾಕಿ, ನಿಲ್ಲಬೇಕಾದ ಜಾಗದಲ್ಲಿ ನೆಲಕ್ಕೆ ಅಕ್ಷರ ಹಾಕಿ. ಏಪೆಕ್ಸ್ ಲೆಜೆಂಡ್ಸ್ ಎಂಬ ಶೂಟಿಂಗ್ ಆಟ 2019ರಲ್ಲಿ ಬಂದಾಗ ಅದರ ಪಿಂಗ್ ವ್ಯವಸ್ಥೆ ಎಲ್ಲರ ಬಾಯಲ್ಲಿ ಇದ್ದದ್ದು ಇದಕ್ಕೇ: ಶತ್ರು, ಜಾಗ, ಬಿದ್ದಿರುವ ವಸ್ತು ಎಲ್ಲವನ್ನೂ ಮೈಕ್ ಇಲ್ಲದೆ ಒಂದೇ ಬಟನ್‌ನಲ್ಲಿ ತೋರಿಸಬಹುದು. ಫೈನಲ್ ಫ್ಯಾಂಟಸಿಯಲ್ಲಿ ಮೊದಲೇ ಅನುವಾದಿಸಿಟ್ಟ ಪದಗುಚ್ಛಗಳಿವೆ. ಅವನ್ನು ಆರಿಸಿ ಕಳಿಸಿದರೆ ಎದುರಿನವರಿಗೆ ಅವರ ಆಟದ ಭಾಷೆಯಲ್ಲಿ ಕಾಣುತ್ತದೆ. ಕೈಸನ್ನೆಗೂ ಬೆಲೆ ಇದೆ. ಡೀಪ್ ರಾಕ್ ಗ್ಯಾಲಕ್ಟಿಕ್ ಎಂಬ ಆಟದಲ್ಲಿ ವಿ ಕೀಲಿ ಒತ್ತಿದರೆ ನಿಮ್ಮ ಕುಬ್ಜ ಜೈಕಾರ ಹಾಕುತ್ತಾನೆ, ಉಳಿದವರೂ ಒತ್ತಿ ಉತ್ತರಿಸುತ್ತಾರೆ. ಮೊದಲ ಸಲ ಬಂದವರು ಒಂದೂ ಪದ ಟೈಪ್ ಮಾಡದೆ ಗುಂಪಿಗೆ ಸೇರಿಬಿಡುತ್ತಾರೆ.

ಇನ್ನು ವೈಪ್. ಎಲ್ಲರೂ ಸತ್ತು ಬಾಗಿಲ ಬಳಿ ಎದ್ದಾಗ ಯಾರೂ ಟೈಪ್ ಮಾಡದ ಒಂದು ಮೌನ ಇರುತ್ತದಲ್ಲ, ಹೊಸಬರು ಆಟ ಬಿಡುವುದು ಅಲ್ಲೇ. ಬೈದರೆ ಮಾತ್ರವಲ್ಲ, ಯಾರೂ ಏನೂ ಹೇಳದಿದ್ದರೂ ಬಿಡುತ್ತಾರೆ. ಎದ್ದ ಕೂಡಲೇ ‘ಪರವಾಗಿಲ್ಲ, ಮತ್ತೆ ನೋಡೋಣ’ ಎಂದು ಯಾರಾದರೂ ಹಾಕಿ, ಆಮೇಲೆ ಕಾರಣ ಒಂದೇ ಒಂದು ಹೇಳಿ. ನಾಲ್ಕು ತಪ್ಪಾಗಿದ್ದರೂ ಮೊದಲು ಆದ ತಪ್ಪು ಯಾವುದೋ ಅದು ಮಾತ್ರ; ಉಳಿದ ಮೂರು ಬಹಳ ಸಲ ಅದರ ಮಕ್ಕಳೇ. ಹೆಸರು ಹಿಡಿಯದೆ ಪಾತ್ರ ಹಿಡಿದು ಹೇಳಿದರೆ ಸಾಕು. ಇನ್ನೊಬ್ಬರ ಡಿಪಿಎಸ್ ಅಂಕಿ (ಸೆಕೆಂಡಿಗೆ ಎಷ್ಟು ಪೆಟ್ಟು ಕೊಟ್ಟರೆಂಬ ಲೆಕ್ಕ) ತೆಗೆದು ಚಾಟ್‌ನಲ್ಲಿ ಹಾಕುವ ಚಟ ಇರುವವರಿಗೆ ಒಂದು ಕಿವಿಮಾತು: ಫೈನಲ್ ಫ್ಯಾಂಟಸಿಯಲ್ಲಿ ಆ ಅಂಕಿ ಅಳೆಯುವ ಹೊರಗಿನ ಮೀಟರ್ ಬಳಕೆಯೇ ನಿಯಮಬಾಹಿರ. ಬೇರೆಯವರನ್ನು ಹೀಯಾಳಿಸಲು ಹೋಗಿ ತಮ್ಮ ಮೇಲೆ ತಾವೇ ದೂರು ಕೊಟ್ಟುಕೊಂಡಂತೆ.

ಸಾವಿನ ಲೆಕ್ಕ ಎಲ್ಲರದೂ ಒಂದೇ ಹುಂಡಿಯಲ್ಲಿರುವ ಆಟಗಳಲ್ಲಿ ಇದು ಇನ್ನೂ ಸೂಕ್ಷ್ಮ. ಮಾನ್‌ಸ್ಟರ್ ಹಂಟರ್‌ನ ಸಾಮಾನ್ಯ ಬೇಟೆಯಲ್ಲಿ ನಾಲ್ವರಲ್ಲಿ ಯಾರೇ ಆಗಲಿ ಒಟ್ಟು ಮೂರು ಸಲ ಬಿದ್ದರೆ ಬೇಟೆ ಮುಗಿಯಿತು, ಎಲ್ಲರ ಅರ್ಧ ಗಂಟೆ ನೀರುಪಾಲು. ಎರಡು ಸಲ ಬಿದ್ದ ಹೊಸಬರ ಕೈ ನಡುಗುತ್ತಿರುತ್ತದೆ, ‘ಹುಷಾರು’ ಎಂದರೆ ಇನ್ನೂ ನಡುಗುತ್ತದೆ. ಮಾಡಬಹುದಾದ ಕೆಲಸ ಹೇಳಿ: ‘ಔಷಧ ಕುಡಿಯುವ ಮೊದಲು ಕತ್ತಿ ಒಳಗೆ ಹಾಕಿ ದೂರ ಓಡಿ. ಪ್ರಾಣ ಕಡಿಮೆ ಇದ್ದರೆ ಕ್ಯಾಂಪಿಗೆ ಹೋಗಿ ಬನ್ನಿ, ನಾವು ನೋಡಿಕೊಳ್ಳುತ್ತೇವೆ.’ ಬೇಟೆ ನಡೆಯುವಾಗ ಕ್ಯಾಂಪಿಗೆ ಮರಳುವುದು ಹೇಡಿತನ ಎಂದು ಹೊಸಬರು ಅಂದುಕೊಂಡಿರುತ್ತಾರೆ. ಹಾಗಲ್ಲ ಎಂದು ಹಳಬರ ಬಾಯಿಂದಲೇ ಬರಬೇಕು. ಅಂದ ಹಾಗೆ, ಸಹಾಯಕ್ಕೆ ಎಸ್‌ಒಎಸ್ ಫ್ಲೇರ್ ಹಾರಿಸಿದವರ ಬೇಟೆಗೆ ಸೇರಿದ ಮೇಲೆ ‘ಇಷ್ಟು ಕೆಟ್ಟದಾಗಿ ಆಡುತ್ತೀರಲ್ಲ’ ಅನ್ನುವ ಹಕ್ಕು ಯಾರಿಗೂ ಇಲ್ಲ. ಚೆನ್ನಾಗಿ ಆಡುತ್ತಿದ್ದರೆ ಫ್ಲೇರ್ ಯಾಕೆ ಹಾರಿಸುತ್ತಿದ್ದರು?

ಕಟ್‌ಸೀನ್, ಅಂದರೆ ಆಟದ ನಡುವೆ ಕಥೆ ತೋರಿಸುವ ದೃಶ್ಯಗಳ ವಿಷಯದಲ್ಲಿ ಒಂದು ಇತಿಹಾಸವೇ ಇದೆ. ಫೈನಲ್ ಫ್ಯಾಂಟಸಿ 14ರ 2013ರ ಕಥೆಯ ಕೊನೆಯಲ್ಲಿ ಬರುವ ಎರಡು ದೊಡ್ಡ ಡಂಜನ್‌ಗಳು ಕ್ಯಾಸ್ಟ್ರಮ್ ಮೆರಿಡಿಯಾನಮ್ ಮತ್ತು ಪ್ರೈಟೋರಿಯಮ್. ಇಡೀ ಕಥೆ ಮುಗಿಯುವುದೇ ಅಲ್ಲಿ, ಕಟ್‌ಸೀನ್‌ಗಳು ಉದ್ದ. ರೂಲೆಟ್‌ನಲ್ಲಿ ಬಂದ ಹಳಬರು ಅವನ್ನು ದಾಟಿಸಿ ಓಡುತ್ತಿದ್ದರು. ಹೊಸಬರು ಕಥೆ ನೋಡಿದರೆ ಬಾಸ್ ಹೋಯಿತು, ಬಾಸ್ ಬೇಕಾದರೆ ಕಥೆ ಹೋಯಿತು. 2018ರ ಜನವರಿಯ 4.2 ಪ್ಯಾಚ್‌ನಲ್ಲಿ (ಆಟದ ಹೊಸ ಆವೃತ್ತಿಯಲ್ಲಿ) ಕಂಪನಿ ಆ ಎರಡರಲ್ಲಿ ಕಟ್‌ಸೀನ್ ದಾಟಿಸುವ ಬಟನ್ನನ್ನೇ ತೆಗೆದುಹಾಕಿತು. ಎಲ್ಲರೂ ಕೂತು ನೋಡಬೇಕು, ನೂರನೇ ಸಲವಾದರೂ ಸರಿ. 2022ರ ಏಪ್ರಿಲ್‌ನಲ್ಲಿ 6.1 ಪ್ಯಾಚ್ ಬಂತು. ಆಗ ಎಂಟು ಜನರ ಅವೆರಡನ್ನೂ ನಾಲ್ಕು ಜನರದ್ದಾಗಿ ಒಡೆದು ಕಟ್ಟಿದರು. ಹಳಬರು ಕಾಯಲು ಒಪ್ಪದ ಕೆಲವು ನಿಮಿಷಗಳನ್ನು ಕೊನೆಗೆ ಅವರ ಮೇಲೆಯೇ ಕಡ್ಡಾಯವಾಗಿ ಹೇರಬೇಕಾಯಿತು. ಉಳಿದ ಡಂಜನ್‌ಗಳಲ್ಲಿ ಬಟನ್ ಈಗಲೂ ಇದೆ. ಪಾರ್ಟಿ ಪಟ್ಟಿಯಲ್ಲಿ ಒಬ್ಬರ ಹೆಸರಿನ ಪಕ್ಕ ಕಟ್‌ಸೀನ್ ಗುರುತು ಇರುವಷ್ಟು ಹೊತ್ತು ಬಾಸನ್ನು ಮುಟ್ಟಬೇಡಿ. ಮುಟ್ಟಿದರೆ 15 ಸೆಕೆಂಡಿನಲ್ಲಿ ಅಂಗಳದ ಬಾಗಿಲು ಮುಚ್ಚುತ್ತದೆ, ಕಥೆ ನೋಡಿ ಬಂದವರು ಹೊರಗೆ ಗೋಡೆ ನೋಡುತ್ತ ನಿಲ್ಲುತ್ತಾರೆ.

ಲೂಟ್, ಅಂದರೆ ಡಂಜನ್ನಿನಲ್ಲಿ ಸಿಕ್ಕ ವಸ್ತುಗಳ ಹಂಚಿಕೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀಡ್, ಗ್ರೀಡ್, ಪಾಸ್ ಎಂದರೆ ಏನೆಂದು ಹೊಸಬರಿಗೆ ಗೊತ್ತಿರುವುದಿಲ್ಲ. ತಪ್ಪು ಒತ್ತಿ ಬೇರೆಯವರ ಕವಚ ಹೊಡೆದುಕೊಂಡರೆ ಕಳ್ಳ ಎಂದು ಕೂಗುವ ಮೊದಲು ‘ನಿಮ್ಮ ಪಾತ್ರ ಈಗಲೇ ತೊಡುವಂಥದಾದರೆ ನೀಡ್, ಇಲ್ಲವಾದರೆ ಗ್ರೀಡ್’ ಎಂಬ ಒಂದು ಸಾಲು ಹಾಕಿ. ನಿಮಗೆ ಬೇಡವಾದ್ದಕ್ಕೆ ಬೇಗ ಪಾಸ್ ಒತ್ತಿ.

ಹೊರಗೆ ಹಾಕುವ ವೋಟ್ ಇರುವುದು ಆಟ ಬಿಟ್ಟು ಎದ್ದುಹೋದವರಿಗೆ, ಬೇಕೆಂದೇ ಕೆಡಿಸುವವರಿಗೆ. ಕಲಿಯುತ್ತಿರುವವರಿಗಲ್ಲ. ನಿಮಗೆ ತಾಳ್ಮೆ ಇಲ್ಲದ ದಿನ ನೀವೇ ಹೊರಡಿ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಾದರೂ ಫೈನಲ್ ಫ್ಯಾಂಟಸಿಯಲ್ಲಾದರೂ ಅದಕ್ಕೆ 30 ನಿಮಿಷದ ದಂಡ, ಅಷ್ಟೆ. ಇನ್ನೂ ಒಳ್ಳೆಯದೆಂದರೆ ರೂಲೆಟ್ ಬಿಟ್ಟು ಪಾರ್ಟಿ ಫೈಂಡರ್‌ನಲ್ಲಿ (ಜೊತೆಗಾರರನ್ನು ನೀವೇ ಕರೆಯುವ ಪಟ್ಟಿಯಲ್ಲಿ) ಬೋರ್ಡ್ ಹಾಕುವುದು. ‘ಮುಗಿಸಿದವರು ಮಾತ್ರ’ ಎಂದು ಬರೆಯುವುದರಲ್ಲಿ ಅವಮಾನ ಏನೂ ಇಲ್ಲ, ಅದು ಪ್ರಾಮಾಣಿಕತೆ. ‘ಯಾರಾದರೂ ಬನ್ನಿ’ ಎಂದು ಬರೆದು ಬಂದವರನ್ನು ಬೈಯುವುದು ಮೋಸ. ಹೊಸಬರ ಪಾಲಿಗೂ ಒಂದು ಕರ್ತವ್ಯ ಉಂಟು: ‘ಮುಗಿಸಿದವರು ಮಾತ್ರ’ ಎಂಬ ಬೋರ್ಡ್ ಕಂಡರೆ ಒಳಗೆ ನುಸುಳಬಾರದು, ಉಳಿದ ಕಡೆ ‘ಮೊದಲ ಸಲ’ ಎಂದು ಮೊದಲೇ ಹೇಳಬೇಕು.

ಅತಿ ಒಳ್ಳೆಯತನದ ಬಗ್ಗೆಯೂ ಎಚ್ಚರ ಇರಲಿ. ಹೊಸಬರು ಬಿದ್ದಿದ್ದಾರೆ, ಬಾಸಿನ ಪ್ರಾಣ ಶೇ. 40 ಉಳಿದಿದೆ, ‘ಮಲಗಿರಿ, ನಾವೇ ಮುಗಿಸುತ್ತೇವೆ’. ಮುಗಿಸುತ್ತಾರೆ ಕೂಡ. ಹೊಸಬರಿಗೆ ಸಿಕ್ಕಿದ್ದು ನೆಲದಿಂದ ಕಂಡ ಗೆಲುವು. ನಾಳೆ ಬೇರೆ ಪಾರ್ಟಿಯಲ್ಲಿ ಅದೇ ಜಾಗದಲ್ಲಿ ಮತ್ತೆ ಬೀಳುತ್ತಾರೆ. ಎಬ್ಬಿಸುವ ಸ್ಕಿಲ್ ಇದ್ದರೆ ಸ್ವಲ್ಪ ನಷ್ಟವಾದರೂ ಎಬ್ಬಿಸಿ. ಶೇ. 5 ಮಾತ್ರ ಉಳಿದಿದ್ದರೆ ಮಾತು ಬೇರೆ. ಕೇಳಿದ್ದಕ್ಕಿಂತ ಹೆಚ್ಚು ಕಲಿಸುವುದೂ ಹೀಗೇ. ಕವಚ ಹಳೆಯದು, ಬಟನ್ ಅನುಕ್ರಮ ತಪ್ಪು, ಸ್ಕಿಲ್ ಬಾರ್ ಜೋಡಣೆ ಸರಿಯಿಲ್ಲ. ಇವೆಲ್ಲ ನಿಜವೇ ಇರಬಹುದು, ಆದರೆ ಓಟದ ನಡುವೆ ಯಾರಿಗೂ ಕವಚ ಬದಲಿಸಲಾಗುವುದಿಲ್ಲ.

ಅದನ್ನು ಹೇಳುವ ಹೊತ್ತು ಕೊನೆಗೆ ಬರುತ್ತದೆ. ಕೊನೆಯ ಬಾಸ್ ಬಿದ್ದ ಕೂಡಲೇ ಹೊಸಬರು ಮತ್ತೆ ಕಟ್‌ಸೀನ್‌ನಲ್ಲಿರುತ್ತಾರೆ, ಹಳಬರು ಐದು ಸೆಕೆಂಡಿನಲ್ಲಿ ಹೊರಗೆ. ಪಾರ್ಟಿ ಒಡೆದ ಮೇಲೆ ಆ ಚಾಟ್ ಇಲ್ಲ. ಹಾಗಾಗಿ ಹೊರಡುವ ಮುಂಚೆ, ಅವರು ಕಥೆ ನೋಡುತ್ತಿರುವಾಗಲೇ ಬರೆದುಬಿಡಿ: ಚೆನ್ನಾಗಿ ಮಾಡಿದ್ದು ಒಂದು, ಮುಂದಿನ ಸಲಕ್ಕೆ ಬದಲಿಸಬೇಕಾದ್ದು ಒಂದು. ‘ಮೂರನೇ ಬಾಸ್‌ನಲ್ಲಿ ಎಲ್ಲರನ್ನೂ ಉಳಿಸಿದಿರಿ. ಹೊರಗೆ ಹೋದ ಮೇಲೆ ಕೈಗವಸು ಬದಲಿಸಿ, ಅದು ಹತ್ತು ಲೆವೆಲ್ ಹಿಂದಿನದು.’ ಕಟ್‌ಸೀನ್ ಮುಗಿಸಿ ಅವರು ಬರುವ ಹೊತ್ತಿಗೆ ಡಂಜನ್ ಖಾಲಿಯಾಗಿರುತ್ತದೆ. ಚಾಟ್‌ನಲ್ಲಿ ಆ ಎರಡು ಸಾಲು ಉಳಿದಿರುತ್ತವೆ.